ಹಿರಿಯ ಕಂಠದ ಹೊಸ ಹಾಡು

2025ರ ಮಾರ್ಚ್ 8ರಂದು ಲಂಡನ್ನಿನ ಅಪೋಲೊ ಸಭಾಂಗಣದಲ್ಲಿ ರಾಯಲ್ ಫಿಲ್ಹಾರ್ಮೋನಿಕ್ ವಾದ್ಯವೃಂದವು ನಮ್ಮ ಕಣಿವೆಯವರೊಬ್ಬರ ಕೃತಿಯನ್ನು ನುಡಿಸಿತು. ಉತ್ತಮಪಾಳಯಂ ತಾಲ್ಲೂಕಿನ ಪಣ್ಣೈಪುರದಲ್ಲಿ 1943ರಲ್ಲಿ ಜನಿಸಿದ ಇಳಯರಾಜ ಅವರ ‘ವೇಲಿಯಂಟ್’ ಎಂಬ ಸಿಂಫನಿ ಅದು. ಆಗ ಅವರ ವಯಸ್ಸು 81. ಆ ವಯಸ್ಸಿನಲ್ಲಿ ಹಳೆಯ ಕೀರ್ತಿಯ ನೆರಳಿನಲ್ಲಿ ವಿಶ್ರಮಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರಾದರೋ ಹೊಸದೊಂದನ್ನು ಬರೆದರು.

ಈ ಸುದ್ದಿಯಿಂದ ಕಂಬಂ, ತೇನಿ, ಬೋಡಿಗಳಲ್ಲಿ ಎಲ್ಲರೂ ಹಿಗ್ಗಿದರು. ಕನ್ನಡಿಗರಾದ ನಮಗೆ ಹಿಗ್ಗಲು ಇನ್ನೊಂದು ಕಾರಣವೂ ಉಂಟು. ‘ಬಂಗಾರದ ಮನುಷ್ಯ’ (1972) ಚಿತ್ರಕ್ಕೆ ಸಂಗೀತ ನೀಡಿದ ಜಿ. ಕೆ. ವೆಂಕಟೇಶರ ಬಳಿ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿಯುತ್ತ ಇಳಯರಾಜ ಚಿತ್ರಸಂಗೀತದ ಕಸುಬನ್ನು ಕಲಿತರು. 1976ರ ‘ಅನ್ನಕ್ಕಿಳಿ’ಯಿಂದ ತಮಿಳುನಾಡಿಗೆಲ್ಲ ಪರಿಚಿತರಾದ ಮೇಲೆ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಮುಂತಾದ ಕನ್ನಡ ಚಿತ್ರಗಳಿಗೂ ರಾಗ ಸಂಯೋಜಿಸಿದರು. ತ್ಯಾಗರಾಜರಿಗೂ ಬಾಖ್ ಮಹಾಶಯನಿಗೂ ಏಕಕಾಲಕ್ಕೆ ಅರ್ಪಿಸಿದ ‘ಹೌ ಟು ನೇಮ್ ಇಟ್’ ಎಂಬ ಆಲ್ಬಂ 1986ರಲ್ಲಿ ಬಂದಿತು. ಮೊದಲ ಸಿಂಫನಿ ಲಂಡನ್ನಿನಲ್ಲಿ ಮೊಳಗಿದ್ದು ಅದಾಗಿ ಸುಮಾರು ನಾಲ್ಕು ದಶಕಗಳ ತರುವಾಯ.

ವೃದ್ಧಾಪ್ಯದಲ್ಲಿ ಹೊಸ ಹಾಡನ್ನು ನೀಡುವವರು ಇವರೊಬ್ಬರೇ ಅಲ್ಲ. ಇಳಯರಾಜರು ಹುಟ್ಟಿದ ವರ್ಷವೇ ಹುಟ್ಟಿದ ಮಿಕ್ ಜಾಗರ್ ತಮ್ಮ ‘ರೋಲಿಂಗ್ ಸ್ಟೋನ್ಸ್’ ತಂಡದೊಡನೆ 2023ರಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ ಎಂಬ ಆಲ್ಬಂ ಹೊರತಂದರು. ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದ ಲೊರೆಟ್ಟಾ ಲಿನ್ ಎಂಬ ಗಾಯಕಿಯ ‘ಸ್ಟಿಲ್ ವುಮನ್ ಎನಫ್’ 2021ರಲ್ಲಿ ಬಂದಾಗ ಆಕೆಗೆ 88 ವರ್ಷ. ಇವೆಲ್ಲ ಹಳೆಯ ಅಭಿಮಾನಿಗಳ ಮುಲಾಜಿಗಾಗಿ ಮಾರಾಟವಾದ ಸರಕುಗಳೆಂದು ತಿಳಿಯಬಾರದು. ಹರೆಯದ ಕಂಠಕ್ಕೆ ಎಟುಕದ ಏನೋ ಒಂದು ಇಳಿವಯಸ್ಸಿನ ಕಂಠಕ್ಕೆ ಎಟುಕುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳನ್ನು ಹೇಳುತ್ತೇವೆ.

ಜಾನಿ ಕ್ಯಾಶ್ ಎಂಬ ಕಂಟ್ರಿ ಗಾಯಕನನ್ನು ಬಹುಕಾಲದ ಧ್ವನಿಮುದ್ರಣ ಸಂಸ್ಥೆ 1986ರಲ್ಲಿ ಕೈಬಿಟ್ಟಿತ್ತು. ಇವರ ಕಾಲ ಮುಗಿಯಿತೆಂದೇ ಲೋಕ ಬಗೆದಿತ್ತು. ವಯಸ್ಸಿನಲ್ಲಿ ತೀರ ಕಿರಿಯನಾದ ರಿಕ್ ರೂಬಿನ್ ಎಂಬ ನಿರ್ಮಾಪಕನು ಅವರನ್ನು ತನ್ನ ಮನೆಯ ಪಡಸಾಲೆಯಲ್ಲಿ ಕೂರಿಸಿ, ಕೈಗೆ ಗಿಟಾರ್ ಕೊಟ್ಟು, ಬೇರೆ ಯಾವ ವಾದ್ಯವೂ ಇಲ್ಲದೆ ಹಾಡಿಸಿದನು. ಅಂಥ ಹಾಡುಗಳಿಂದಾದ 1994ರ ‘ಅಮೆರಿಕನ್ ರೆಕಾರ್ಡಿಂಗ್ಸ್’ಗೆ ಜಾನಪದ ವಿಭಾಗದ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಎರಡನೆಯವರು ಲೆನಾರ್ಡ್ ಕೋಹೆನ್. ಬೆನ್ನುನೋವಿನಿಂದ ಸ್ಟುಡಿಯೋಗೆ ಹೋಗಲಾರದ ತಂದೆಯ ಹಾಡುಗಳನ್ನು ಮಗ ಆಡಮ್ ಮನೆಯಲ್ಲಿಯೇ ಧ್ವನಿಮುದ್ರಿಸಿಕೊಂಡನು. ಆ ಆಲ್ಬಂ 2016ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ನವೆಂಬರ್ 7ರಂದು ಕೋಹೆನ್ ತೀರಿಕೊಂಡರು. ಮಗ ಇನ್ನೊಂದು ವರ್ಷ ತಡೆದಿದ್ದರೆ ಆ ಹಾಡುಗಳು ಲೋಕಕ್ಕೆ ದಕ್ಕುತ್ತಿರಲಿಲ್ಲ.

ಈ ಎರಡು ಕಡೆಗಳಲ್ಲಿಯೂ ನಡೆದದ್ದು ಒಂದೇ. ಕಿರಿಯರೊಬ್ಬರು ಹಿರಿಯರ ಮುಂದೆ ಕುಳಿತು, ‘ಹಾಡಿ, ನಾವು ಕೇಳುತ್ತೇವೆ’ ಎಂದರು. ನಮ್ಮ ಮನೆಗಳಲ್ಲಿ ಆ ಮಾತನ್ನು ಯಾರು ಆಡುತ್ತಿದ್ದಾರೆ?

ಕಂಬಂ ಕಣಿವೆಯ ಕಪ್ಪಿಲಿಯರು, ಬೋಡಿನಾಯಕನೂರು ಮತ್ತು ದಿಂಡಿಗಲ್ ಬಳಿಯ ಚಿನ್ನಾಳಪಟ್ಟಿಯ ದೇವಾಂಗರು, ಎಲ್ಲರ ಮನೆಮಾತೂ ಕನ್ನಡ. ಶಾಲೆಯ ಮಾತು, ಸಂತೆಯ ಮಾತು ತಮಿಳು. ನಮ್ಮ ಕನ್ನಡವನ್ನು ನಾವು ಬರೆದವರಲ್ಲ. ಬಾಯಿಂದ ಬಾಯಿಗೆ ಉಳಿಸಿಕೊಂಡವರು. 1909ರಲ್ಲಿ ಪ್ರಕಟವಾದ ಥರ್ಸ್ಟನ್ನರ ಗ್ರಂಥದಲ್ಲಿ ಕಂಬಂನ ಕಪ್ಪಿಲಿಯರ ಪೂಜ್ಯ ಗೋವಿನ ಹಿಂಡಿಗೆ ‘ದೇವರ ಆವು’ ಎಂಬ ಕನ್ನಡ ಹೆಸರೇ ದಾಖಲಾಗಿದೆ. ಬೆಂಗಳೂರಿನವರು ಹಸು ಎನ್ನುತ್ತಾರೆ, ಧಾರವಾಡದವರು ಆಕಳು ಎನ್ನುತ್ತಾರೆ. ಹಳೆಯ ಕಾವ್ಯದ ‘ಆವು’ ನಮ್ಮ ತೊಳುವಿನಲ್ಲಿ ಉಳಿಯಿತು. ಒಂದು ಹೆಸರಿನಲ್ಲಿ ಇಷ್ಟು ಉಳಿದಿರುವಾಗ, ಅಜ್ಜಿಯರ ಜೋಗುಳದಲ್ಲಿ, ಮದುವೆಯ ಹಾಡಿನಲ್ಲಿ, ನಾಟಿಯ ಪದದಲ್ಲಿ ಎಷ್ಟಿರಬಹುದು! ಬರಹವಿಲ್ಲದ ಮಾತಿಗೆ ಹಾಡೇ ನಿಘಂಟು. ಹಾಡಿದವರು ಹೋದರೆ ನಿಘಂಟೂ ಹೋಯಿತು.

ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿತವರಲ್ಲ. ತಮ್ಮ ಜನರ ಹಾಡುಗಳನ್ನು ನೆನಪಿನಲ್ಲೇ ಹೊತ್ತು ಬಂದ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. 2025ರ ಫೆಬ್ರುವರಿಯಲ್ಲಿ ಅವರು ಕಣ್ಮುಚ್ಚಿದರು. ಕೇಳುವವರು ಹುಡುಕಿಕೊಂಡು ಹೋದುದರಿಂದ ಅವರ ಕಂಠ ಉಳಿಯಿತು. ನಮ್ಮ ಕೇರಿಯ ಸುಕ್ರಿಯರನ್ನು ಹುಡುಕಿಕೊಂಡು ದೂರದಿಂದ ಯಾರೂ ಬರಲಾರರು. ಆ ಕೆಲಸ ಮೊಮ್ಮಕ್ಕಳದು.

‘ಗಂಟಲು ಹೋಗಿದೆ, ಈಗೆಂಥ ಹಾಡು?’ ಎಂದು ಅಜ್ಜಿ ಸಂಕೋಚಪಟ್ಟಾರು. ಗಂಟಲು ಒಡೆದ ಮೇಲೆಯೇ ಕ್ಯಾಶ್ ಮತ್ತು ಕೋಹೆನ್ ಲೋಕವನ್ನು ಮತ್ತೆ ಕಿವಿಗೊಡುವಂತೆ ಮಾಡಿದರು ಎಂದು ಅವರಿಗೆ ಹೇಳೋಣ. ‘ನಮ್ಮದು ಶುದ್ಧ ಕನ್ನಡವಲ್ಲ, ತಮಿಳು ಬೆರೆತಿದೆ’ ಎಂದೂ ಅಂದಾರು. ಬೆರೆತದ್ದು ಬೆರೆತಂತೆಯೇ ಇರಲಿ. ತಿದ್ದಬಾರದು, ನಡುವೆ ಬಾಯಿ ಹಾಕಬಾರದು. ಆ ಬೆರಕೆಯೇ ನಮ್ಮ ಚರಿತ್ರೆ.

ಇದಕ್ಕೆ ಸ್ಟುಡಿಯೋ ಬೇಕಿಲ್ಲ. ಮನೆಮನೆಯಲ್ಲಿರುವ ಮೊಬೈಲು ಸಾಕು. ಮುಂದಿನ ಪೊಂಗಲಿಗೆ ಎಲ್ಲರೂ ಕೂಡಿದಾಗ ಅಜ್ಜಿಯ ಒಪ್ಪಿಗೆ ಪಡೆದು, ಬೀದಿಯ ಸದ್ದು ಕೇಳದ ಕೋಣೆಯಲ್ಲಿ ಕೂರಿಸಿರಿ. ಫ್ಯಾನು, ಟೀವಿ ನಿಲ್ಲಿಸಿರಿ. ಫೋನನ್ನು ಕೈಯಲ್ಲಿ ಹಿಡಿಯದೆ ಮೆತ್ತನೆಯ ಬಟ್ಟೆಯ ಮೇಲೆ ಹತ್ತಿರದಲ್ಲೇ ಇಡಿರಿ. ಮೊದಲು ಹಾಡಿದವರ ಹೆಸರು, ಊರು, ತಾರೀಖುಗಳನ್ನು ಹೇಳಿ ಮುದ್ರಿಸಿಕೊಳ್ಳಿರಿ. ಹಾಡು ಮುಗಿದ ಮೇಲೆ ತಿಳಿಯದ ಮಾತುಗಳ ಅರ್ಥವನ್ನೂ, ಯಾರಿಂದ ಕಲಿತರೆಂಬುದನ್ನೂ ಕೇಳಿರಿ. ಫೋನು ಕಳೆದರೆ ಎಲ್ಲವೂ ಕಳೆಯದಂತೆ ಎರಡು ಕಡೆ ಪ್ರತಿ ಇಡಿರಿ.

ಪಣ್ಣೈಪುರದ ಹಿರಿಯರ ಕೃತಿಗೆ ಲಂಡನ್ನಿನಲ್ಲಿ ವಾದ್ಯವೃಂದ ದೊರೆಯಿತು. ನಮ್ಮ ಹಿರಿಯರು ಕೇಳುವುದು ಎದುರಿಗೆ ಕೂರುವ ಒಬ್ಬ ಮೊಮ್ಮಗುವನ್ನು. ಅಷ್ಟನ್ನೂ ಕೊಡಲಾರದಷ್ಟು ಬಡವರು ನಾವಲ್ಲ.