ಕುಲುಮೆಯ ಬೆಂಕಿಯೂ ನಮ್ಮ ಹೆಣ್ಣುಮಕ್ಕಳೂ

ಅಡಿಗೆಮನೆಯ ಮೈಕ್ರೋವೇವ್ ಒಲೆಯಲ್ಲಿ ಬೆಳ್ಳಿ ತಾಮ್ರಗಳನ್ನು ಕರಗಿಸಿ ಎರಕ ಹೊಯ್ಯಬಹುದೆಂಬ ಸಂಗತಿಯು ಈಚೆಗೆ ಮೊಬೈಲಿನ ಚಿತ್ರಗಳ ಮುಖಾಂತರ ನಮ್ಮ ವಿದ್ಯಾರ್ಥಿನಿಯರ ಕಣ್ಣಿಗೆ ಬಿದ್ದಿದೆ. ಪಾಲಕರಲ್ಲಿ ಕೆಲವರು ಇದನ್ನು ಕೇಳಿ ಗಾಬರಿಗೊಂಡು, ಹೆಣ್ಣುಮಕ್ಕಳು ಇಂಥ ಹವ್ಯಾಸಕ್ಕೆ ಕೈ ಹಾಕಕೂಡದೆಂದು ಶಾಲೆಯು ಕಟ್ಟಪ್ಪಣೆ ಮಾಡಬೇಕೆನ್ನುತ್ತಾರೆ. ಅಡಿಗೆಮನೆಯಲ್ಲಿ ಇದು ಸಲ್ಲದೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಬೇಡವೆಂದಷ್ಟಕ್ಕೆ ನಮ್ಮ ಕರ್ತವ್ಯವು ತೀರಲಿಲ್ಲ. ಯಾಕೆ ಬೇಡವೆಂಬುದನ್ನು ತಿಳಿಸಿಹೇಳಿ, ಲೋಹ ಕರಗಿಸುವ ವಿದ್ಯೆಯನ್ನು ಶಾಲೆಯ ಪ್ರಯೋಗಶಾಲೆಯಲ್ಲಿಯೇ ಕ್ರಮವಾಗಿ ಕಲಿಸಬೇಕೆಂಬುದು ನಮ್ಮ ಮತವು.

ಮೊದಲು ಸಂಗತಿಯನ್ನು ಅರಿತುಕೊಳ್ಳೋಣ. ಈ ಒಲೆಯು ಯುದ್ಧಕಾಲದ ರೇಡಾರ್ ಯಂತ್ರದಿಂದ ಹುಟ್ಟಿತು. ಅಮೇರಿಕೆಯ ಪರ್ಸಿ ಸ್ಪೆನ್ಸರ್ ಎಂಬವರು 1945ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದರು. ಇದರೊಳಗಿನ ತರಂಗದ ಉದ್ದವು ಸುಮಾರು 12 ಸೆಂಟಿಮೀಟರು. ಅದು ಅನ್ನದಲ್ಲಿಯ ನೀರನ್ನು ಕಾಯಿಸುತ್ತದೆ. ಲೋಹದ ಗಟ್ಟಿಯ ಮೇಲೆ ಬಿದ್ದರೋ ಕನ್ನಡಿಗೆ ತಗಲಿದ ಬೆಳಕಿನಂತೆ ಹಿಂದಿರುಗುತ್ತದೆ. ಹಾಗಾದರೆ ಲೋಹವು ಕರಗುವದು ಹೇಗೆ? ಗುಟ್ಟು ಇರುವದು ಮೂಸೆಯಲ್ಲಿ. ಸಿಲಿಕಾನ್ ಕಾರ್ಬೈಡಿನ ಮೂಸೆಯು ತರಂಗವನ್ನು ತಾನು ಹೀರಿ ಕೆಂಪಗೆ ಕಾಯ್ದು, ಆ ಕಾವನ್ನು ಒಳಗಿನ ಲೋಹಕ್ಕೆ ಕೊಡುತ್ತದೆ. ಮೂಸೆಯ ಸುತ್ತಲೂ ಇರುವ ಸೆರಾಮಿಕ್ ನಾರಿನ ಗೂಡು ತರಂಗವನ್ನು ಒಳಗೆ ಬಿಡುತ್ತದೆ, ಕಾವನ್ನು ಹೊರಗೆ ಬಿಡುವದಿಲ್ಲ. ಲೋಹವು ಗಟ್ಟಿಯಾಗಿರದೆ ಪುಡಿಯಾಗಿದ್ದರೆ ತಾನೇ ತರಂಗವನ್ನು ಹೀರಿ ಕಾಯಬಲ್ಲದೆಂಬುದನ್ನು ರುಸ್ತುಂ ರಾಯ್ ಎಂಬವರೂ ಅವರ ಸಂಗಡಿಗರೂ 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ರಾಯ್ ಅವರು ರಾಂಚಿಯಲ್ಲಿ ಹುಟ್ಟಿ ಅಮೇರಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದವರು, ಶ್ರದ್ಧಾವಂತ ಕ್ರೈಸ್ತರು.

ಇನ್ನು ಅಪಾಯಗಳನ್ನು ಎಣಿಸೋಣ. ಬೆಳ್ಳಿಯು ಕರಗಲಿಕ್ಕೆ 962 ಡಿಗ್ರಿ, ತಾಮ್ರಕ್ಕೆ 1085 ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು. ಹುಡುಗಿಯು ಮನೆಯಲ್ಲಿಯ ಹಳೆಯ ಹಿತ್ತಾಳೆಯ ಕೀಲಿಯನ್ನು ಮೂಸೆಯಲ್ಲಿ ಇಟ್ಟಳೆನ್ನಿ. ಹಿತ್ತಾಳೆಯಲ್ಲಿಯ ಸತುವು 907 ಡಿಗ್ರಿಗೆ ಕುದಿಯತಕ್ಕದ್ದಾದ್ದರಿಂದ ಬಿಳಿಯ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಚಳಿಜ್ವರ ಬರುತ್ತದೆ. ಕ್ಯಾಡ್ಮಿಯಮ್ಮಿನ ಹೊಗೆಯು ಇದಕ್ಕಿಂತಲೂ ಘೋರವಾದದ್ದು, ಪುಪ್ಪುಸಕ್ಕೆ ವಿಷವು. ನಮ್ಮ ತಾಯಂದಿರು ಕೆ.ಡಿ.ಎಂ. ಚಿನ್ನವೆಂದು ಕೇಳಿ ಕೊಳ್ಳುತ್ತಿದ್ದ ಆಭರಣಗಳ ಬೆಸುಗೆಯಲ್ಲಿದ್ದದ್ದು ಇದೇ ಕ್ಯಾಡ್ಮಿಯಮ್ಮು. ಆ ಹೊಗೆಯನ್ನು ಕುಡಿದವರು ಪತ್ತಾರರು. ಇಂದಿನ ಹಾಲ್‌ಮಾರ್ಕ್ ನಿಯಮಗಳು ಅದಕ್ಕೆ ಎಡೆಗೊಡುವದಿಲ್ಲ. ಅಚ್ಚಿನಲ್ಲಿ ತುಸು ಪಸೆ ಉಳಿದಿದ್ದರೂ ನೀರು ಕ್ಷಣದಲ್ಲಿ ಉಗಿಯಾಗಿ ಕಾದ ಲೋಹವು ಮುಖಕ್ಕೆ ಸಿಡಿಯುತ್ತದೆ. ಒಲೆಯ ಹೊದಿಕೆಯನ್ನು ಬಿಚ್ಚಿದವರಿಗೆ ಎರಡು ಸಾವಿರ ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ಕಾದಿರುತ್ತದೆ. ತಂತಿಯನ್ನು ಕಿತ್ತ ಮೇಲೂ ಅದು ಒಳಗೆ ಉಳಿಯಬಹುದು. ಲೋಹ ಕರಗಿಸಿದ ಒಲೆಯಲ್ಲಿ ತಿರುಗಿ ಅನ್ನ ಕಾಯಿಸುವದಂತೂ ಮನೆಮಂದಿಗೆಲ್ಲ ಅಪಾಯಕರವು.

ಇದಿಷ್ಟೂ ರಸಾಯನಶಾಸ್ತ್ರದ ಮತ್ತು ಪದಾರ್ಥವಿಜ್ಞಾನದ ಪಾಠವೇ ಅಲ್ಲವೇ? ಮೊಬೈಲಿನ ಚಿತ್ರವು ಹೊಳೆಯುವ ಗಟ್ಟಿಯನ್ನು ಮಾತ್ರ ತೋರಿಸುತ್ತದೆ, ಹೊಗೆಯನ್ನು ತೋರಿಸುವದಿಲ್ಲ. ನಾವು ಬಾಯಿಮುಚ್ಚಿಕೊಂಡಿದ್ದರೆ ಆ ಚಿತ್ರವೇ ಮಕ್ಕಳಿಗೆ ಗುರುವಾಗುತ್ತದೆ.

ಲೋಹ ಕರಗಿಸುವದು ನಮ್ಮ ಸೀಮೆಗೆ ಹೊಸ ಮಾತಲ್ಲ. ಕಲಾಯಿಯವನು ಮನೆಯ ಮುಂದೆ ತಿದಿಯನ್ನು ಹೂಡಿ, ಕಾದ ಪಾತ್ರೆಗೆ ನವಸಾಗರವನ್ನು ಉದುರಿಸಿ, ತವರವನ್ನು ಅರಳೆಯಿಂದ ತಿಕ್ಕಿ ಬೆಳ್ಳಗೆ ಮಾಡುತ್ತಿದ್ದದ್ದನ್ನು ನಮ್ಮ ಹಿರಿಯ ವಿದ್ಯಾರ್ಥಿನಿಯರು ಬಲ್ಲರು. ನಿಪ್ಪಾಣಿಯ ಆಚೆಗೆ ಗಡಿ ದಾಟಿದರೆ ಬೆಳ್ಳಿಯ ಕಾಲ್ಗೆಜ್ಜೆಗಳಿಗೆ ಹೆಸರಾದ ಹುಪರಿ ಎಂಬ ಊರಿದೆ. ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬನ್ನು ಅರೆದದ್ದು ಎರಕದ ಕಬ್ಬಿಣದ ಉರುಳೆಗಳೇ. ಬೆಳಗಾವಿ ಜಿಲ್ಲೆಯಲ್ಲಿಯೇ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯನ್ನು ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಎರಕದ ನೇಗಿಲನ್ನು ಒಕ್ಕಲಿಗರ ಕೈಗೆ ಕೊಟ್ಟು, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಇಂದು ಬೆಳಗಾವಿ ಕೊಲ್ಲಾಪುರಗಳೆರಡೂ ಎರಕದ ಕಾರಖಾನೆಗಳಿಗೆ ಪ್ರಸಿದ್ಧವಾಗಿವೆ. ಚಿಕ್ಕೋಡಿಯ ಸುತ್ತಿನ ಹುಡುಗರು ಅಲ್ಲಿ ಕೆಲಸಕ್ಕೆ ಹೋಗುತ್ತಾರೆ. ಹುಡುಗಿಯರು ಹೋದದ್ದು ಅಪರೂಪವು.

ಹುಪರಿಯಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಹೆಂಗಸರು ಮನೆಯಲ್ಲಿ ಕುಳಿತು ಸರಪಳಿಯ ಕೊಂಡಿಗಳನ್ನು ಕೂಡಿಸುತ್ತಾರೆ, ಗೆಜ್ಜೆಗಳನ್ನು ಪೋಣಿಸುತ್ತಾರೆ. ಬೆಳ್ಳಿಯನ್ನು ಕರಗಿಸಿ ಅದರ ಶುದ್ಧಾಶುದ್ಧವನ್ನು ಹೇಳುವ ವಿದ್ಯೆಯು ಸಾಮಾನ್ಯವಾಗಿ ಗಂಡಸರಲ್ಲಿಯೇ ಉಳಿದಿದೆ. ಶ್ರಮವು ಹೆಣ್ಣಿನದು, ತಿಳಿವಳಿಕೆಯು ಇನ್ನೊಬ್ಬರದು ಎಂದಾದಲ್ಲಿ ಕೂಲಿಯೂ ಕಡಿಮೆಯೇ ಇರುವದು. ಒಲೆಯ ಬೆಂಕಿಯನ್ನು ಹತ್ತು ವರುಷದ ಹುಡುಗಿಯ ಕೈಗೆ ಅಂಜದೆ ಕೊಟ್ಟ ನಾವು, ಕುಲುಮೆಯ ಬೆಂಕಿಯ ಮಾತು ಬಂದಾಗ ಮಾತ್ರ ಅವಳ ಕ್ಷೇಮವನ್ನು ನೆನೆಯುವದು ನ್ಯಾಯವೇ? ಮದುವೆಯಾಗಿ ಹೋಗುವವಳಿಗೆ ಈ ವಿದ್ಯೆ ಯಾತಕ್ಕೆಂದು ಕೇಳುವವರುಂಟು; ಅಕ್ಷರವಿದ್ಯೆಗೂ ಒಂದು ಕಾಲಕ್ಕೆ ಇದೇ ಆಕ್ಷೇಪವಿತ್ತೆಂಬುದನ್ನು ಅವರು ಮರೆಯಬಾರದು. ಕಲಾಯಿಯ ತವರದಲ್ಲಿ ಸೀಸವನ್ನು ಬೆರಸಿದರೆ ಮಕ್ಕಳ ಹೊಟ್ಟೆಗೆ ವಿಷ ಹೋಗುವದೆಂಬುದನ್ನು ಗೃಹಿಣಿಯಲ್ಲದೆ ಬೇರೆ ಯಾರು ಮೊದಲು ತಿಳಿದಿರಬೇಕು?

ಆದಕಾರಣ ನಮ್ಮ ಸೂಚನೆ ಇಷ್ಟು: ಪ್ರಯೋಗಶಾಲೆಯ ಒಂದು ಮೂಲೆಯಲ್ಲಿ ಉಷ್ಣಮಾಪಕವುಳ್ಳ ಸಣ್ಣದೊಂದು ವಿದ್ಯುತ್ ಕುಲುಮೆಯನ್ನು ಇಡಬೇಕು. ಮೈಕ್ರೋವೇವ್ ಒಲೆಯು ಬೇಡ. ಅದರ ತತ್ವವನ್ನು ಹಲಗೆಯ ಮೇಲೆ ವಿವರಿಸಿದರೆ ಸಾಕು. ಮೊದಲ ವರುಷ ಸೀಸ ಬೆರಸದ ಶುದ್ಧ ತವರವೊಂದೇ ಇರಲಿ. ಅದು 232 ಡಿಗ್ರಿಗೇ ಕರಗುತ್ತದೆ. ಚೆನ್ನಾಗಿ ಒಣಗಿದ ಅಚ್ಚು, ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಕೈಗವಸು, ಮೈಮೇಲೆ ಹತ್ತಿಯ ಬಟ್ಟೆ, ಬಿಗಿಯಾಗಿ ಕಟ್ಟಿದ ಜಡೆ, ತೆರೆದ ಕಿಟಕಿ, ಪಕ್ಕದಲ್ಲಿ ಒಣ ಉಸುಕಿನ ಬಕೀಟು, ಎದುರಿಗೆ ಉಪಾಧ್ಯಾಯಿನಿ—ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ದಿನ ಕುಲುಮೆಯನ್ನು ಹೊತ್ತಿಸಕೂಡದು.

ಮಲಾಕಿಯ ಪ್ರವಾದನೆಯಲ್ಲಿ ಕರ್ತನನ್ನು ಬೆಳ್ಳಿಯನ್ನು ಶೋಧಿಸುವವನಿಗೆ ಹೋಲಿಸಿದೆ. ಅವನು ಕುಲುಮೆಯ ಬಳಿಯಲ್ಲಿಯೇ ಕುಳಿತಿರುತ್ತಾನೆ, ಎದ್ದು ಹೋಗುವದಿಲ್ಲ. ಮಕ್ಕಳನ್ನು ಬೆಂಕಿಯಿಂದ ದೂರ ಅಟ್ಟುವದು ಸುಲಭ. ಬೆಂಕಿಯ ಬಳಿ ಅವರೊಂದಿಗೆ ಕುಳಿತಿರುವದೇ ಶಿಕ್ಷಣವು. ಇಂಥದೊಂದು ಕುಲುಮೆಗೆ ತಗಲುವ ವೆಚ್ಚವನ್ನು ಮಾಜಿ ವಿದ್ಯಾರ್ಥಿನಿಯರು ಕೂಡಿ ಹೊರಬೇಕೆಂದೂ, ಪಾಲಕರು ತಮ್ಮ ಸಮ್ಮತಿಯನ್ನು ಕೊಡಬೇಕೆಂದೂ ನಮ್ಮ ವಿನಯಪೂರ್ವಕವಾದ ಬಿನ್ನಹ.