ಉತ್ತರಕ್ಕೆ ಬ್ರಾಕೆಟ್ ಹಾಕಿಸುವ ತರಗತಿಗಳು

ಪಾಠ ಮುಗಿಯುತ್ತಿದ್ದಂತೆ ನಮ್ಮ ಹಲವು ತರಗತಿಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ‘ಮೊದಲನೇ ಪ್ರಶ್ನೆಗೆ ಉತ್ತರ ಎರಡನೇ ಪ್ಯಾರಾ, ಮೂರನೇ ಸಾಲಿನಿಂದ’ ಎಂದು ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಪೆನ್ಸಿಲ್ಲಿನಲ್ಲಿ ಬ್ರಾಕೆಟ್ ಹಾಕಿಕೊಳ್ಳುತ್ತಾರೆ. ನೋಟ್ಸಿಗೆ ಅದೇ ಸಾಲು, ಪರೀಕ್ಷೆಗೂ ಅದೇ ಸಾಲು. ಪಾಠವನ್ನು ಮಗು ಓದಿತೇ ಎಂಬ ಪ್ರಶ್ನೆ ಯಾರಿಗೂ ಬರುವುದಿಲ್ಲ. ಏಕೆಂದರೆ ಉತ್ತರ ಸರಿಯಾಗಿಯೇ ಇರುತ್ತದೆ.

ಅಪಾಯ ಇರುವುದು ಇಲ್ಲೇ. ಅಕ್ಷರ ಬಾರದ ಮಗು ಒಂದೇ ದಿನದಲ್ಲಿ ಕಣ್ಣಿಗೆ ಬೀಳುತ್ತದೆ. ಒತ್ತಕ್ಷರವೂ ತಪ್ಪದಂತೆ ಗಟ್ಟಿಯಾಗಿ ಓದಿ, ಓದಿದ್ದೇನೆಂದು ತಿಳಿಯದ ಮಗು ಮಾತ್ರ ವರ್ಷಗಟ್ಟಲೆ ಸಿಕ್ಕಿಬೀಳದೆ ಉಳಿದುಬಿಡುತ್ತದೆ. ಶಿಕ್ಷಣದ ವಾರ್ಷಿಕ ಸ್ಥಿತಿಗತಿ ಕುರಿತ 2024ರ ‘ಅಸರ್’ ವರದಿಯ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ 48.8 ಮಾತ್ರ. ಅದು ಅಳೆದದ್ದು ಸರಾಗವಾಗಿ ಓದುವುದನ್ನು. ಅರ್ಥವನ್ನೂ ಅಳೆದರೆ ಚಿತ್ರ ಇನ್ನೂ ಕಳವಳಕಾರಿಯಾಗಿರುತ್ತದೆ ಎಂದೇ ನಮ್ಮ ಭಯ.

ಕರ್ನಾಟಕದಲ್ಲಿ ಓದಿಗೂ ಅರ್ಥಕ್ಕೂ ನಡುವಿನ ಈ ಬಿರುಕು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಕಲಿಕಾ ಪದ್ಧತಿ ಮೂರನೇ ತರಗತಿಯವರೆಗೆ ಕಾರ್ಡು, ಹಾಡು, ಗುಂಪು ಎಂದು ಮಗುವನ್ನು ಕೈಹಿಡಿದು ನಡೆಸುತ್ತದೆ. ನಾಲ್ಕಕ್ಕೆ ಬಂದೊಡನೆ ದಪ್ಪ ಪುಸ್ತಕ, ಉದ್ದ ಪಾಠ. ಪರಿಸರ ಅಧ್ಯಯನವನ್ನೂ ಓದಿಯೇ ಕಲಿಯಬೇಕು. ನಲಿ-ಕಲಿಯ ಕಲಿಕಾ ಏಣಿ ನಿಂತಲ್ಲಿಂದ ಮುಂದಕ್ಕೆ ಓದಿ ಅರ್ಥ ಮಾಡಿಕೊಳ್ಳುವುದನ್ನು ಕಲಿಸುವ ಹೊಣೆ ಯಾರದೂ ಅಲ್ಲದಂತಾಗಿದೆ. ಮುನ್ಸೂಚನೆ ಗಣಿತದ ಪಿರಿಯಡ್ಡಿನಲ್ಲೇ ಸಿಗುತ್ತದೆ. ಲೆಕ್ಕ ಬರುವ ಮಗುವೇ ವಾಕ್ಯದಲ್ಲಿ ಕೊಟ್ಟ ಲೆಕ್ಕ ನೋಡಿ ‘ಕೂಡೋದಾ, ಕಳೆಯೋದಾ ಮಿಸ್?’ ಎಂದು ಕೇಳಿದರೆ, ಕೊರತೆ ಇರುವುದು ಗಣಿತದಲ್ಲಲ್ಲ, ಓದಿನಲ್ಲಿ.

ಹತ್ತನೇ ತರಗತಿಗೆ ಬರುವ ಹೊತ್ತಿಗೆ ಇದು ಫಲಿತಾಂಶದ ಸುದ್ದಿಯಾಗುತ್ತದೆ. ಕ್ಯಾಮೆರಾ ಕಣ್ಗಾವಲಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದ 2024ರಲ್ಲಿ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಹೆಚ್ಚಿನ ಕೃಪಾಂಕ ಕೊಟ್ಟ ಮೇಲೆ. ಚರ್ಚೆಯೆಲ್ಲ ನಕಲಿನ ಸುತ್ತ ನಡೆಯಿತು. ಹತ್ತು ವರ್ಷ ಶಾಲೆಯಲ್ಲಿ ಕೂತ ಮಗುವಿಗೆ ನಕಲಿನ ಆಸರೆ ಯಾಕೆ ಬೇಕಾಯಿತು ಎಂದು ಕೇಳಿದವರು ಕಡಿಮೆ.

ದಾರಿ ಇಲ್ಲದಿಲ್ಲ. ಅಮೆರಿಕದಲ್ಲಿ ಆನ್‌ಮೇರಿ ಪ್ಯಾಲಿಂಕ್ಸರ್ ಮತ್ತು ಆ್ಯನ್ ಬ್ರೌನ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥದೇ ಮಕ್ಕಳದು: ಏಳನೇ ತರಗತಿ, ಓದಲು ಬರುತ್ತದೆ, ಅರ್ಥವಾಗುವುದಿಲ್ಲ. ಅವರಿಗೆ ಕಲಿಸಿದ್ದು ನಾಲ್ಕು ಕೆಲಸ: ಒಂದು ಪ್ಯಾರಾ ಓದಿ ಅದರ ಬಗ್ಗೆ ಪ್ರಶ್ನೆ ಕೇಳುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಸಾರ ಹೇಳುವುದು, ಮುಂದೇನಾಗಬಹುದೆಂದು ಊಹಿಸುವುದು. ಮೊದಲು ಶಿಕ್ಷಕರು ಮಾಡಿ ತೋರಿಸಿದರು, ಆಮೇಲೆ ಮಕ್ಕಳೇ ಸರದಿಯ ಮೇಲೆ ಮೇಷ್ಟ್ರಾದರು. ಕೆಲವೇ ವಾರಗಳಲ್ಲಿ ಅವರ ಗ್ರಹಿಕೆ ಗಮನಾರ್ಹವಾಗಿ ಸುಧಾರಿಸಿತು. ಇದಕ್ಕೆ ಪ್ರೊಜೆಕ್ಟರ್ ಬೇಡ, ಸ್ಮಾರ್ಟ್ ಕ್ಲಾಸೂ ಬೇಡ.

ನಮ್ಮ ಗೋವಿನ ಹಾಡನ್ನೇ ತೆಗೆದುಕೊಳ್ಳಿ. ‘ಹುಲಿಯ ಹೆಸರೇನು?’ ಎಂಬುದಕ್ಕೆ ಹಾಡು ಓದದ ಮಗುವೂ ಉತ್ತರ ಕೊಟ್ಟೀತು. ‘ಹಸಿದ ಹುಲಿ ಕೈಗೆ ಸಿಕ್ಕ ಹಸುವನ್ನು ಯಾಕೆ ಬಿಟ್ಟಿತು? ಹಸು ಏನು ಹೇಳಿದ್ದಕ್ಕೆ ಅದರ ಮನಸ್ಸು ಬದಲಾಯಿತು? ಆ ಸಾಲಿನ ಮೇಲೆ ಬೆರಳಿಡು’ ಎಂದು ಕೇಳಿದರೆ ಮಗು ಮತ್ತೆ ಪುಟಕ್ಕೆ ಹೋಗಲೇಬೇಕು. ಇಬ್ಬರು ಬೇರೆಬೇರೆ ಸಾಲು ತೋರಿಸಿ ವಾದಕ್ಕಿಳಿದರೆ ಇನ್ನೂ ಒಳ್ಳೆಯದು. ಆ ವಾದಕ್ಕೆ ಹತ್ತು ನಿಮಿಷ ಬಿಟ್ಟುಕೊಡುವ ಶಿಕ್ಷಕರು ಪಠ್ಯಕ್ರಮದಲ್ಲಿ ಹಿಂದೆ ಬಿದ್ದರೆಂದು ಯಾರೂ ಗದರಬಾರದು. ತರಗತಿಯ ಗಲಾಟೆ ಕಂಡು ಮುಖ ಗಂಟಿಕ್ಕುವ ಮುಖ್ಯಶಿಕ್ಷಕರಿಗೂ ಈ ಮಾತು ಅನ್ವಯಿಸುತ್ತದೆ.

ಶಿಕ್ಷಕರನ್ನಷ್ಟೇ ದೂರುವುದು ಅನ್ಯಾಯ. ಹಲವು ತರಗತಿಗಳನ್ನು ಒಬ್ಬರೇ ನಿಭಾಯಿಸುತ್ತ, ಬಿಸಿಯೂಟದ ಲೆಕ್ಕ ಬರೆದು, ಆ್ಯಪಿಗೆ ಮಾಹಿತಿ ತುಂಬುವವರಿಗೆ ಬ್ರಾಕೆಟ್ ಹಾಕಿಸುವುದೇ ಉಳಿದ ದಾರಿ. ಪ್ರಶ್ನೆಪತ್ರಿಕೆಯೂ ಪಾಠದ ಸಾಲನ್ನೇ ಬೇಡಿದರೆ ಅವರೇಕೆ ಬದಲಾಗುತ್ತಾರೆ?

ಆದ್ದರಿಂದ ಮೊದಲು ಬದಲಾಗಬೇಕಾದ್ದು ಪರೀಕ್ಷೆ. ನಾಲ್ಕರಿಂದ ಏಳರವರೆಗಿನ ಪ್ರತಿ ರೂಪಣಾತ್ಮಕ ಪರೀಕ್ಷೆಯಲ್ಲೂ ಮಕ್ಕಳು ಹಿಂದೆಂದೂ ನೋಡಿರದ ಹತ್ತು ಸಾಲಿನ ಬರಹವೊಂದಿರಲಿ. ಶಾಲೆಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು ದಾಖಲೆ ಪುಸ್ತಕ ತೆರೆಯುವ ಮುನ್ನ ಇಬ್ಬರು ಮಕ್ಕಳಿಗೆ ಅಂಥದ್ದೊಂದು ಓದಲು ಕೊಟ್ಟು, ಏನು ತಿಳಿಯಿತೆಂದು ಅವರ ಮಾತಿನಲ್ಲೇ ಕೇಳಲಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಗ್ರಂಥಾಲಯದ ಪುಸ್ತಕಗಳು ತರಗತಿಗೆ ಬರಲಿ. ಇಂದು ನಾಲ್ಕನೇ ತರಗತಿಯಲ್ಲಿರುವ ಮಗು ಎಸ್ಸೆಸ್ಸೆಲ್ಸಿ ಬರೆಯಲು ಇನ್ನು ಆರೇ ವರ್ಷ. ಇಲಾಖೆ ಈ ವರ್ಷವೇ ಕೈಹಾಕಬೇಕು.