ಹೊಟ್ಟೆಯ ಹಿಂಬದಿಯ ಗ್ರಂಥಿ: ಕಾಣುವುದು ಹೇಗೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಕ್ಕಳಿಗೆ ಉಂಡೆ ಕೊಬ್ಬರಿ ಆಗುವ ಬಗೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟದ ಮೇಲೆ 8ರಿಂದ 12 ತಿಂಗಳು ಬಿಟ್ಟರೆ ಒಳಗಿನ ನೀರು ಇಂಗುತ್ತದೆ. ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕೊಬ್ಬರಿ ಆಗಿದೆಯೇ ಎಂದು ತಿಳಿಯಲು ಯಾರೂ ಕಾಯಿ ಒಡೆದು ನೋಡುವುದಿಲ್ಲ; ಕಿವಿಯ ಹತ್ತಿರ ಹಿಡಿದು ಕುಲುಕುತ್ತಾರೆ. ನೀರಿದ್ದರೆ ಒಂದು ಸದ್ದು, ಉಂಡೆ ಉರುಳಿದರೆ ಇನ್ನೊಂದು ಸದ್ದು.

ಒಡೆಯದೆ ಒಳಗನ್ನು ತಿಳಿಯುವ ಈ ಉಪಾಯ ವೈದ್ಯರಿಗೂ ಹಳೆಯದೇ. ಆಸ್ಟ್ರಿಯದ ವೈದ್ಯ ಲಿಯೋಪೋಲ್ಡ್ ಔವೆನ್‌ಬ್ರುಗರ್ ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ, ಸದ್ದಿನಿಂದಲೇ ಒಳಗಿನ ಸ್ಥಿತಿಯನ್ನು ಅಳೆಯುವ ವಿಧಾನವನ್ನು 1761ರಲ್ಲಿ ಪ್ರಕಟಿಸಿದ. ಅವನ ತಂದೆ ಛತ್ರ ನಡೆಸುತ್ತಿದ್ದವನು. ಪೀಪಾಯಿಯನ್ನು ತಟ್ಟಿ ಒಳಗೆ ಎಷ್ಟು ದ್ರವವಿದೆ ಎಂದು ತಿಳಿಯುವುದನ್ನು ಮಗ ಅಲ್ಲಿಯೇ ಕಲಿತನೆಂದು ಹೇಳುತ್ತಾರೆ. ಇಂದಿಗೂ ವೈದ್ಯರು ಎದೆ, ಹೊಟ್ಟೆಗಳನ್ನು ತಟ್ಟಿ ನೋಡುತ್ತಾರೆ. ಆದರೆ ಎಷ್ಟೇ ತಟ್ಟಿದರೂ ಒತ್ತಿದರೂ ಸುಲಭವಾಗಿ ಸಿಗದ ಅಂಗವೊಂದು ಹೊಟ್ಟೆಯಲ್ಲಿದೆ. ಅದೇ ಮೇದೋಜೀರಕ ಗ್ರಂಥಿ.

ಅಡಗಿ ಕುಳಿತ ಗ್ರಂಥಿ

ಸುಮಾರು 15 ಸೆಂಟಿಮೀಟರ್ ಉದ್ದದ ಈ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಆತುಕೊಂಡು ಅಡ್ಡಡ್ಡ ಮಲಗಿದೆ. ಇದರ 'ತಲೆ' ಸಣ್ಣ ಕರುಳಿನ ಮೊದಲ ಬಾಗಿನಲ್ಲಿ ಕುಳಿತಿದ್ದರೆ, 'ಬಾಲ' ಎಡಗಡೆಯ ಗುಲ್ಮದವರೆಗೆ ಚಾಚಿದೆ. ಇದಕ್ಕೆ ಎರಡು ಕೆಲಸ. ಊಟ ಜೀರ್ಣವಾಗಲು ಬೇಕಾದ ರಸವನ್ನು ಕರುಳಿಗೆ ಸುರಿಸುವುದು ಒಂದು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಿಸುವುದು ಇನ್ನೊಂದು.

ಯಕೃತ್ತಿನಿಂದ ಪಿತ್ತರಸವನ್ನು ತರುವ ನಾಳ ಕರುಳನ್ನು ಸೇರುವ ಮೊದಲು ಈ ಗ್ರಂಥಿಯ ತಲೆಯ ಮೂಲಕವೇ ಹಾದುಹೋಗುತ್ತದೆ. ಈ ಒಂದು ಅಂಶವನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ತಲೆಯ ಭಾಗದಲ್ಲಿ ಗಡ್ಡೆ ಬೆಳೆದರೆ ಅದು ಪಿತ್ತನಾಳವನ್ನು ಹಿಸುಕುತ್ತದೆ. ತೋಟದ ಕಾಲುವೆಗೆ ಕಲ್ಲು ಅಡ್ಡ ಬಿದ್ದರೆ ನೀರು ಹಿಂದಕ್ಕೆ ಒತ್ತುವ ಹಾಗೆ, ಪಿತ್ತ ಹಿಂದಕ್ಕೆ ಒತ್ತಿ ರಕ್ತ ಸೇರುತ್ತದೆ. ಕಣ್ಣು ಹಳದಿಯಾಗುತ್ತದೆ. ಅದೇ ಕಾಮಾಲೆ.

ಎರಡು ಬಗೆಯ ಕಾಮಾಲೆ

ಹಳ್ಳಿಗಳಲ್ಲಿ ಕಾಮಾಲೆ ಬಂದರೆ ನಾಟಿ ಔಷಧಿ ಕೊಡಿಸಿ, ಪಥ್ಯ ಹೇಳುವುದು ರೂಢಿ. ಬಹಳ ಮಂದಿಗೆ ಕೆಲವು ವಾರಗಳಲ್ಲಿ ಗುಣವೂ ಆಗುತ್ತದೆ. ಇದಕ್ಕೆ ಕಾರಣವಿದೆ. ಕೊಳೆನೀರು ಬೆರೆತ ಕುಡಿಯುವ ನೀರಿನಿಂದ ಹರಡುವ ಹೆಪಟೈಟಿಸ್ 'ಎ' ಮತ್ತು 'ಇ' ವೈರಸ್ಸುಗಳ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿದ ಕೀರ್ತಿ ಔಷಧಿಗೆ ಹೋಗುತ್ತದೆ.

ಆದರೆ ನಾಳ ಕಟ್ಟಿಕೊಂಡು ಬಂದ ಕಾಮಾಲೆ ತಾನಾಗಿ ಇಳಿಯುವುದಿಲ್ಲ. ಅರವತ್ತರ ಹತ್ತಿರದ ರೈತನೊಬ್ಬನಿಗೆ ಜ್ವರವಿಲ್ಲ, ಹೇಳಿಕೊಳ್ಳುವಂಥ ನೋವಿಲ್ಲ, ಆದರೂ ಕಣ್ಣು ಹಳದಿಯಾಗಿದೆ ಎಂದುಕೊಳ್ಳೋಣ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಮಲ ಸುಣ್ಣದಂತೆ ಬಿಳಿಚಿಕೊಂಡಿದೆ. ಮೈಯೆಲ್ಲ ತುರಿಕೆ. ಮೂರು ತಿಂಗಳಿನಿಂದ ಮೈ ಇಳಿಯುತ್ತಿದೆ. ಇಂಥವರಿಗೆ ಪಥ್ಯದಲ್ಲಿ ಕಳೆಯುವ ಒಂದೊಂದು ವಾರವೂ ನಷ್ಟವೇ. ನೋವಿಲ್ಲವೆಂಬುದು ಸಮಾಧಾನದ ಸಂಗತಿಯಲ್ಲ, ಎಚ್ಚರಿಕೆಯ ಸಂಗತಿ. ಮೇದೋಜೀರಕದ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ನೂರರಲ್ಲಿ 15–20 ಮಂದಿಗೆ ಮಾತ್ರ ಶಸ್ತ್ರಚಿಕಿತ್ಸೆ ಸಾಧ್ಯವಾಗುತ್ತದೆ. ಉಳಿದವರಲ್ಲಿ ರೋಗ ಅಷ್ಟರಲ್ಲಿ ಹರಡಿರುತ್ತದೆ, ಇಲ್ಲವೇ ಮುಖ್ಯ ರಕ್ತನಾಳಗಳನ್ನು ಸುತ್ತಿಕೊಂಡಿರುತ್ತದೆ.

ಇವೆರಡು ಕಾಮಾಲೆಗಳನ್ನು ಬೇರ್ಪಡಿಸುವ ಮೊದಲ ಪರೀಕ್ಷೆ ಬಹಳ ಸರಳವಾದದ್ದು. ರಕ್ತಪರೀಕ್ಷೆಯ ಜೊತೆಗೆ ಒಂದು ಹೊಟ್ಟೆಯ ಸ್ಕ್ಯಾನಿಂಗ್, ಅಂದರೆ ಅಲ್ಟ್ರಾಸೌಂಡ್.

ಕಿವಿಗೆ ಕೇಳದ ಸದ್ದು

ಮನುಷ್ಯನ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳ ಸದ್ದು ಮಾತ್ರ ಕೇಳುತ್ತದೆ. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಬಳಸುವುದು ಸೆಕೆಂಡಿಗೆ 20ರಿಂದ 50 ಲಕ್ಷ ಕಂಪನಗಳ ಧ್ವನಿ. ಇದು ಮೃದು ಅಂಗಾಂಶದಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಸಾಗುತ್ತದೆ. ಒಂದು ಅಂಗಾಂಶ ಮುಗಿದು ಇನ್ನೊಂದು ಶುರುವಾಗುವ ಕಡೆ ಅದರ ಒಂದು ಪಾಲು ಹಿಂದಕ್ಕೆ ಬರುತ್ತದೆ. ಪ್ರತಿಧ್ವನಿ ಮರಳಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕಿ ಯಂತ್ರವು ಚಿತ್ರ ಬಿಡಿಸುತ್ತದೆ. ನೀರಿನಂಥ ದ್ರವ ಕಪ್ಪಾಗಿ ಕಾಣುತ್ತದೆ, ಕಲ್ಲು ಬೆಳ್ಳಗೆ ಹೊಳೆದು ಹಿಂದೆ ನೆರಳು ಚೆಲ್ಲುತ್ತದೆ. ಪಿತ್ತನಾಳ ಹಿಗ್ಗಿದ್ದರೆ ಮುಂದೆಲ್ಲೋ ತಡೆ ಇದೆ ಎಂದು ಅರ್ಥ. ತಡೆಗೆ ಕಾರಣ ಪಿತ್ತದ ಕಲ್ಲೂ ಇರಬಹುದು, ಗಡ್ಡೆಯೂ ಇರಬಹುದು.

ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ ಈ ವಿದ್ಯೆಯ ಹಿರಿಯರಲ್ಲೊಬ್ಬರು. ಬಾಯ್ಲರ್ ಕಾರ್ಖಾನೆಯಲ್ಲಿ ಲೋಹದ ಬಿರುಕು ಹುಡುಕಲು ಬಳಸುತ್ತಿದ್ದ ಯಂತ್ರವನ್ನು 1955ರಲ್ಲಿ ಅವರು ದೇಹದ ಗಡ್ಡೆಗಳ ಮೇಲೆ ಪ್ರಯೋಗಿಸಿದರು. ಹೊಟ್ಟೆಯ ಕ್ಯಾನ್ಸರ್, ಇನ್ನು ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ ಎಂದು ತೀರ್ಮಾನಿಸಿದ್ದ ಮಹಿಳೆಯೊಬ್ಬಳಲ್ಲಿ ಇದ್ದದ್ದು ಅಂಡಾಶಯದ ನೀರುಗಡ್ಡೆ ಎಂದು ಅವರ ಯಂತ್ರ ತೋರಿಸಿತು. ಗಡ್ಡೆ ತೆಗೆದರು, ಆಕೆ ಗುಣವಾದಳು. 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವರ ಪ್ರಬಂಧ ಪ್ರಕಟವಾದ ಮೇಲೆ ಜಗತ್ತು ಇದನ್ನು ಗಮನಿಸಿತು.

ಅಲ್ಟ್ರಾಸೌಂಡಿಗೆ ಒಂದು ದೊಡ್ಡ ಶತ್ರುವಿದೆ: ಗಾಳಿ. ಜಠರ ಮತ್ತು ಕರುಳಿನಲ್ಲಿರುವ ಗಾಳಿ ಧ್ವನಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ತಳ್ಳಿಬಿಡುತ್ತದೆ. ಅದರ ಹಿಂದಿರುವ ಮೇದೋಜೀರಕ ಮರೆಯಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ. 'ಮೇದೋಜೀರಕ ಸರಿಯಾಗಿ ಕಾಣಲಿಲ್ಲ' ಎಂದು ವರದಿಯಲ್ಲಿ ಬರೆದಿದ್ದರೆ 'ಅಲ್ಲಿ ಏನೂ ಇಲ್ಲ' ಎಂದು ಓದಿಕೊಳ್ಳಬಾರದು. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಹೋಳು ಮಾಡಿದಂಥ ಚಿತ್ರ

ಮುಂದಿನ ಮೆಟ್ಟಿಲು ಸಿ.ಟಿ. ಸ್ಕ್ಯಾನ್. ರಾಂಟ್‌ಜೆನ್ 1895ರಲ್ಲಿ ಕಂಡುಹಿಡಿದ ಕ್ಷ-ಕಿರಣದ ಚಿತ್ರ ಒಂದು ನೆರಳು; ಮುಂದಿನದೂ ಹಿಂದಿನದೂ ಅದರಲ್ಲಿ ಒಂದರ ಮೇಲೊಂದು ಬೀಳುತ್ತವೆ. ತೆಂಗಿನಕಾಯಿಯನ್ನು ಹಾಗೆ ತೆಗೆದರೆ ಮಟ್ಟೆ, ಚಿಪ್ಪು, ತಿರುಳು ಎಲ್ಲ ಕಲೆಸಿ ಕಾಣುತ್ತದೆ. ಸಿ.ಟಿ.ಯಲ್ಲಿ ಕಿರಣದ ಕೊಳವೆ ದೇಹದ ಸುತ್ತ ತಿರುಗುತ್ತದೆ. ಎಲ್ಲ ದಿಕ್ಕಿನ ಅಳತೆಗಳನ್ನೂ ಕಂಪ್ಯೂಟರ್ ಕೂಡಿಸಿ, ಕತ್ತಿಯಲ್ಲಿ ಕೊಯ್ದ ಹೋಳಿನಂಥ ಚಿತ್ರ ಕೊಡುತ್ತದೆ. ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಲ್ಲಿ ಮೊದಲ ರೋಗಿಯ ಚಿತ್ರ ತೆಗೆದದ್ದು 1971ರಲ್ಲಿ. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಹುಮಾನ ಬಂತು. ನೀರಿಗೆ 0, ಗಾಳಿಗೆ ಮೈನಸ್ 1000 ಎಂಬ ಸಾಂದ್ರತೆಯ ಅಳತೆಗೋಲಿಗೆ ಇಂದಿಗೂ ಹೌನ್ಸ್‌ಫೀಲ್ಡ್ ಅವರದೇ ಹೆಸರು.

ಮೇದೋಜೀರಕಕ್ಕಾಗಿ ಸಿ.ಟಿ. ಮಾಡುವಾಗ ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧಿ ಚುಚ್ಚುತ್ತಾರೆ. ಸುಮಾರು 40–45 ಸೆಕೆಂಡಿನಲ್ಲಿ ಆರೋಗ್ಯವಂತ ಗ್ರಂಥಿ ಅದನ್ನು ಹೀರಿ ಬೆಳ್ಳಗಾಗುತ್ತದೆ. ಸಾಮಾನ್ಯ ಬಗೆಯ ಕ್ಯಾನ್ಸರ್ ಗಡ್ಡೆಗೆ ರಕ್ತಸಂಚಾರ ಕಡಿಮೆ, ಹಾಗಾಗಿ ಅದು ಮಬ್ಬಾಗಿ ಉಳಿಯುತ್ತದೆ. ಗಡ್ಡೆ ರಕ್ತನಾಳಗಳನ್ನು ಸುತ್ತಿಕೊಂಡಿದೆಯೇ, ಯಕೃತ್ತಿಗೆ ಹರಡಿದೆಯೇ ಎಂಬುದೂ ಇದರಲ್ಲೇ ತಿಳಿಯುತ್ತದೆ. ಶಸ್ತ್ರಚಿಕಿತ್ಸೆಯ ತೀರ್ಮಾನ ಹೆಚ್ಚಾಗಿ ನಿಲ್ಲುವುದು ಈ ಚಿತ್ರದ ಮೇಲೆ. ಮೂತ್ರಪಿಂಡದ ತೊಂದರೆಯೋ ಔಷಧಿಗಳ ಅಲರ್ಜಿಯೋ ಇದ್ದರೆ ಚುಚ್ಚುವ ಮೊದಲೇ ತಿಳಿಸಬೇಕು.

ಹೊಟ್ಟೆಯ ಒಂದು ಸಿ.ಟಿ.ಯಿಂದ ಬರುವ ವಿಕಿರಣ, ನಾವೆಲ್ಲ ಮಣ್ಣು, ಗಾಳಿ, ಆಕಾಶದಿಂದ ಸುಮಾರು ಮೂರು ವರ್ಷದಲ್ಲಿ ಪಡೆಯುವ ವಿಕಿರಣಕ್ಕೆ ಸಮ. ಬೇಕಾದಾಗ ಹೆದರಬಾರದು; ಬೇಡದಿದ್ದಾಗ ಒತ್ತಾಯಿಸಿ ಮಾಡಿಸಿಕೊಳ್ಳಲೂಬಾರದು.

ಅಯಸ್ಕಾಂತ ಮತ್ತು ಸೂಜಿ

ಎಂ.ಆರ್.ಐ. ಯಂತ್ರಕ್ಕೆ ಕ್ಷ-ಕಿರಣ ಬೇಡ. ಪ್ರಬಲ ಅಯಸ್ಕಾಂತದೊಳಗೆ ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳು ಕೊಡುವ ರೇಡಿಯೋ ಸಂಕೇತವೇ ಅದಕ್ಕೆ ಸಾಕು. ನಿಂತ ದ್ರವ ಮಾತ್ರ ಹೊಳೆಯುವಂತೆ ಮಾಡುವ ಎಂ.ಆರ್.ಸಿ.ಪಿ. ಎಂಬ ವಿಧಾನದಲ್ಲಿ ಪಿತ್ತನಾಳವೂ ಮೇದೋಜೀರಕದ ನಾಳವೂ ನಕಾಶೆಯ ಹೊಳೆಗಳಂತೆ ಕಾಣುತ್ತವೆ. ಎಲ್ಲಿ ಹೊಳೆ ತುಂಡಾಗಿದೆಯೋ ಅಲ್ಲಿ ತಡೆ.

ಇನ್ನೂ ಸಣ್ಣ ಗಡ್ಡೆಗೆ ಇನ್ನೂ ಹತ್ತಿರ ಹೋಗಬೇಕು. ಎಂಡೋಸ್ಕೋಪಿ ಕೊಳವೆಯ ತುದಿಗೆ ಪುಟ್ಟ ಅಲ್ಟ್ರಾಸೌಂಡ್ ಉಪಕರಣವನ್ನು ಜೋಡಿಸಿ ಬಾಯಿಯ ಮೂಲಕ ಜಠರಕ್ಕೆ ಇಳಿಸುತ್ತಾರೆ. ಜಠರದ ಗೋಡೆಯ ಆಚೆಯೇ ಮೇದೋಜೀರಕ. ನಡುವೆ ಗಾಳಿಯ ಅಡ್ಡಿಯಿಲ್ಲ. ಅಲ್ಲಿಂದಲೇ ಸಣ್ಣ ಸೂಜಿ ಹಾಯಿಸಿ ಗಡ್ಡೆಯ ಚೂರನ್ನು ಪರೀಕ್ಷೆಗೆ ತೆಗೆಯಬಹುದು. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದು ಊಹೆ, ಜೀವಕೋಶದ ಪರೀಕ್ಷೆ ಸಾಕ್ಷ್ಯ. ದೀರ್ಘಕಾಲದ ಉರಿಯೂತವೂ ಕೆಲವೊಮ್ಮೆ ಗಡ್ಡೆಯಂತೆ ಕಾಣುವುದುಂಟು.

ಮಕ್ಕಳ ಹೊಟ್ಟೆನೋವು

ಮೇದೋಜೀರಕದ ರೋಗ ಮುದುಕರಿಗೆ ಮಾತ್ರ ಎಂದುಕೊಳ್ಳಬಾರದು. ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ ಹೆಚ್ಚಾಗಿ ಕಂಡುಬಂದ ಒಂದು ರೋಗದಲ್ಲಿ ಈ ಗ್ರಂಥಿಯ ನಾಳದೊಳಗೆ ಸುಣ್ಣದ ಕಲ್ಲುಗಳು ಕಟ್ಟುತ್ತವೆ. ಬಾಲ್ಯದಲ್ಲಿ ಮತ್ತೆ ಮತ್ತೆ ಬರುವ ಹೊಟ್ಟೆನೋವು, ಹರೆಯದಲ್ಲಿ ಸಕ್ಕರೆ ಕಾಯಿಲೆ ಇದರ ಲಕ್ಷಣ. ಕೇರಳದ ವೈದ್ಯ ಪಿ. ಜೆ. ಗೀವರ್ಗೀಸ್ 1960ರ ದಶಕದಲ್ಲಿ ಇದನ್ನು ವಿವರವಾಗಿ ಅಭ್ಯಾಸ ಮಾಡಿದರು. ಮರಗೆಣಸು ತಿನ್ನುವುದೇ ಕಾರಣವೆಂಬ ಶಂಕೆ ಬಹುಕಾಲ ಇತ್ತು, ಆದರೆ ಅದು ಸಿದ್ಧವಾಗಲಿಲ್ಲ. ಅನೇಕ ರೋಗಿಗಳಲ್ಲಿ ಸ್ಪಿಂಕ್-1 ಎಂಬ ಜೀನಿನ ವ್ಯತ್ಯಾಸ ಇರುವುದು ಮುಂದೆ ತಿಳಿಯಿತು. ಈ ಕಲ್ಲುಗಳು ಅನೇಕ ವೇಳೆ ಹೊಟ್ಟೆಯ ಸಾದಾ ಎಕ್ಸ್-ರೇಯಲ್ಲೇ ಕಾಣುತ್ತವೆ. ಮಗು ಪದೇ ಪದೇ ಹೊಟ್ಟೆ ಹಿಡಿದುಕೊಂಡರೆ, ನೋವು ಬೆನ್ನಿಗೆ ಹೊಡೆದರೆ, ಶಾಲೆ ತಪ್ಪಿಸುವ ನೆಪವೆಂದು ಗದರಿಸುವ ಮೊದಲು ಒಮ್ಮೆ ವೈದ್ಯರಿಗೆ ತೋರಿಸಬೇಕು.

ಮನೆಯವರು ಮಾಡಬೇಕಾದದ್ದು

ಕಣ್ಣು ಹಳದಿಯಾದ ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಬೇಕು. ವೈದ್ಯರು ಹೇಳಿದರೆ ಸ್ಕ್ಯಾನಿಂಗಿಗೆ ತಡಮಾಡಬಾರದು. ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದು ಜೊತೆಗೆ ತೂಕವೂ ಇಳಿಯುತ್ತಿದ್ದರೆ ಅದನ್ನೂ ಹೇಳಬೇಕು. ಗ್ರಂಥಿಯ ಬಾಲದ ಕಡೆ ಬೆಳೆದ ಗಡ್ಡೆ ಸಾಮಾನ್ಯವಾಗಿ ಮೊದಮೊದಲು ಕಾಮಾಲೆ ತರುವುದಿಲ್ಲ. ಬೆನ್ನುನೋವು ಮತ್ತು ತೂಕದ ಇಳಿತವೇ ಅದರ ಸುಳಿವು. ಬೀಡಿ, ಸಿಗರೇಟು ಸೇದುವವರಿಗೆ ಈ ಕ್ಯಾನ್ಸರಿನ ಅಪಾಯ ಸುಮಾರು ಎರಡರಷ್ಟು. ಅತಿಯಾದ ಮದ್ಯ ಗ್ರಂಥಿಯನ್ನು ದೀರ್ಘ ಉರಿಯೂತಕ್ಕೆ ದೂಡುತ್ತದೆ.

ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿಗೆ ಹೋಗಬೇಕಾಗಬಹುದು. ಅಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ ಸರ್ಕಾರದ ಕ್ಯಾನ್ಸರ್ ಸಂಸ್ಥೆ. ಹೊರಡುವ ಮೊದಲು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಶಿಫಾರಸು ಚೀಟಿ ಬರೆಸಿಕೊಂಡರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಕೇಳಲು ಅನುಕೂಲ. ಹಳೆಯ ಸ್ಕ್ಯಾನಿನ ಫಿಲ್ಮು, ಸಿ.ಡಿ., ವರದಿಗಳನ್ನು ಒಂದೇ ಚೀಲದಲ್ಲಿ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಬೇಕು. ಹಿಂದಿನ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ ಗಡ್ಡೆ ಬೆಳೆದಿದೆಯೋ ಇಲ್ಲವೋ ವೈದ್ಯರಿಗೆ ತಿಳಿಯುವುದು. ಈ ಚೀಲ ಜೋಡಿಸುವ ಕೆಲಸವನ್ನು ಮನೆಯಲ್ಲಿ ಓದುತ್ತಿರುವ ಮಕ್ಕಳೇ ವಹಿಸಿಕೊಳ್ಳಬಹುದು.